ಐವತ್ತು ಗ್ರಾಂ

"ಒಂದು, ಎರಡು, ಮೂರು..." ಎಂದು ಎಣಿಸಿ ನಾಲ್ಕನೆಯ ಎಣಿಕೆಗೆ ಅವಳು ಅತ್ತೆಯನ್ನು ಮಂಚದಿಂದ ಎತ್ತಿದಳು. ಮೂರು ವರ್ಷಗಳಿಂದ ದಿನಕ್ಕೆ ಮೂರು ಸಲ ಎತ್ತಿದ ದೇಹ ಅದು. ಎಲ್ಲಿ ಹಿಡಿದರೆ ನೋಯುತ್ತದೆ, ಎಲ್ಲಿ ಹಿಡಿದರೆ ಜಾರುತ್ತದೆ ಎನ್ನುವುದೆಲ್ಲ ಅವಳ ಕೈಗಳಿಗೆ ಬಾಯಿಪಾಠ. ಆದರೂ ಇವತ್ತು ಬಲಗೈ ಹೆಬ್ಬೆರಳಿನ ಬುಡದಲ್ಲಿ ಸೂಜಿ ಚುಚ್ಚಿದ ಹಾಗಾಗಿ ಹಿಡಿತ ತಪ್ಪಿತು. ಅತ್ತೆ ಅರ್ಧ ಗಾಲಿಕುರ್ಚಿಯ ಮೇಲೆ, ಅರ್ಧ ಸೊಸೆಯ ಮೈಮೇಲೆ ಒರಗಿ ಬಿದ್ದರು.

"ಬೀಳಿಸು, ಬೀಳಿಸು. ಇನ್ನೊಂದು ಕಡೆ ಸೊಂಟ ಗಟ್ಟಿಯಾಗೇ ಉಳ್ಕೊಂಡಿದೆ. ಅದೂ ಮುರಿದರೆ ಜೋಡಿ ಆಗುತ್ತೆ" ಎಂದರು ಅತ್ತೆ.

ಅವಳು ಉತ್ತರ ಕೊಡಲಿಲ್ಲ. ಮೂವತ್ತು ವರ್ಷದ ಸಂಸಾರದಲ್ಲಿ ಅತ್ತೆಯ ಕೊಂಕಿಗೆ ಉತ್ತರ ಕೊಡದೆ ಇರುವುದನ್ನು ಅವಳು ಒಂದು ವಿದ್ಯೆಯ ಹಾಗೆ ಕಲಿತಿದ್ದಳು. ಕುರ್ಚಿಯನ್ನು ಸ್ನಾನದ ಮನೆಗೆ ತಳ್ಳಿ, ನೀರು ಹದವಾಗಿದೆಯೇ ಎಂದು ಮೊಣಕೈ ಅದ್ದಿ ನೋಡಿದಳು. ಅಷ್ಟು ಹೊತ್ತಿಗೆ ಮುಂದಿನ ಕೋಣೆಯಿಂದ ಗಂಡ ಪಿಯಾನೊದ ಒಂದೇ ಸ್ವರವನ್ನು ಮತ್ತೆ ಮತ್ತೆ ಒತ್ತುವ ಸದ್ದು ಕೇಳಿಸತೊಡಗಿತು. ಟಣ್... ಟಣ್... ಟಣ್... ಬೆಳಗಿನ ಸ್ನಾನದ ಈ ನಲವತ್ತು ನಿಮಿಷ ಅವನು ಪಿಯಾನೊದ ಮುಚ್ಚಳ ತೆಗೆದು ಒಳಗೆ ಏನಾದರೂ ಸರಿಮಾಡುತ್ತಲೇ ಇರುತ್ತಿದ್ದ. ಅತ್ತೆಯ ಬೆನ್ನು ಉಜ್ಜುತ್ತ ಆ ಸದ್ದು ಕೇಳುವುದು ಅವಳಿಗೊಂದು ಸಮಾಧಾನ. ನಾನಿಲ್ಲಿ ಅವನ ತಾಯಿಯನ್ನು ನೋಡಿಕೊಳ್ಳುತ್ತಿದ್ದೇನೆ, ಅವನು ಅಲ್ಲಿ ನನ್ನ ಪಿಯಾನೊವನ್ನು ನೋಡಿಕೊಳ್ಳುತ್ತಿದ್ದಾನೆ ಎಂದುಕೊಳ್ಳುತ್ತಿದ್ದಳು.

"ಇವತ್ತು ಅಲ್ಲಿಗೆ ಹೋಗ್ತೀಯಲ್ಲ?" ಎಂದು ಅತ್ತೆ ಕೇಳಿದರು.

"ಹೂಂ ಅತ್ತೆ. ಸಭಾಂಗಣದಲ್ಲಿ ಮೊದಲನೇ ತಾಲೀಮು. ಕೆಳಮನೆ ದರ್ಜಿಯಮ್ಮ ನಿಮ್ಮ ಹತ್ರ ಕೂತಿರ್ತಾರೆ."

"ಕೂತಿರಲಿ. ಆದರೆ ನಿನ್ನ ಪಿಯಾನೊ ಪೆಟ್ಟಿಗೆ ಈಗೀಗ ಹಲ್ಲು ಬಿದ್ದವಳ ಹಾಗೆ ಮಾತಾಡುತ್ತೆ, ಗೊತ್ತಾ? ಮೊದಲು ಗೋಡೆ ಅದುರ್ತಿತ್ತು. ಈಗ ಬರೀ ಪಿಸಪಿಸ."

ಅವಳು ಅದನ್ನೂ ಎಂದಿನ ಕೊಂಕುಗಳ ಜೊತೆಗೆ ಸೇರಿಸಿ, ನೀರಿನ ಜೊತೆಗೇ ಮೋರಿಗೆ ಹರಿಯಬಿಟ್ಟಳು.

ಅತ್ತೆಯ ಕೊಂಕಿಗೂ ಪಿಯಾನೊಗೂ ಹಳೆಯ ನಂಟು. ಅವಳು ಮದುವೆಯಾಗಿ ಬಂದ ವಾರಕ್ಕೆ ತವರಿನಿಂದ ಆ ಪಿಯಾನೊ ಬಂದಿತ್ತು. ಮಾಳಿಗೆಯ ಮೆಟ್ಟಿಲಲ್ಲಿ ಹಿಡಿಸದೆ, ಬೀದಿ ಕಡೆಯ ಕಿಟಕಿಯನ್ನು ಚೌಕಟ್ಟಿನ ಸಮೇತ ಕಿತ್ತು, ಹಗ್ಗ ಕಟ್ಟಿ, ಆರು ಜನ ಅದನ್ನು ಮೇಲಕ್ಕೆ ಎಳೆದುಕೊಂಡಿದ್ದರು. ಮತ್ತೆ ಕೂರಿಸಿದ ಕಿಟಕಿ ಅಂದಿನಿಂದ ಸರಿಯಾಗಿ ಮುಚ್ಚಿಕೊಳ್ಳಲೇ ಇಲ್ಲ. ಚಳಿಗಾಲದಲ್ಲಿ ಗಾಳಿ ನುಗ್ಗಿದಾಗಲೆಲ್ಲ ಅತ್ತೆ "ನನ್ನ ಕಿಟಕಿ ಕಿತ್ಕೊಂಡು ಬಂದವಳು" ಎಂದು ನೆಂಟರಿಗೆ ಸೊಸೆಯ ಪರಿಚಯ ಹೇಳುತ್ತಿದ್ದರು. ಪತ್ರಿಕೆಯಲ್ಲಿ ಅವಳ ಪಿಯಾನೊ ಕಛೇರಿಯ ಹೊಗಳಿಕೆ ಬಂದರೆ, ಹಿಟ್ಟಿನ ಡಬ್ಬಿಯ ಕೆಳಗೆ ಹಾಸಲು ಕಾಗದ ಬೇಕಿತ್ತು, ಒಳ್ಳೇದಾಯ್ತು ಎನ್ನುತ್ತಿದ್ದರು. ಇಂಥ ಸಾವಿರ ಮಾತುಗಳ ನಡುವೆ ಯಾವುದು ಮುಳ್ಳು, ಯಾವುದು ಸುದ್ದಿ ಎಂದು ಬೇರ್ಪಡಿಸಿ ನೋಡುವ ವ್ಯವಧಾನ ಯಾವ ಸೊಸೆಗಿರುತ್ತದೆ, ನೀವೇ ಹೇಳಿ.

ಗಂಡ ಮಾತ್ರ ಬೆಣ್ಣೆಯಂಥ ಮನುಷ್ಯ. ಊರಿಗೆಲ್ಲ ಅವನು 'ಮೇಸ್ತ್ರಿ'. ಪಿಯಾನೊಗಳ ಶ್ರುತಿ ಕೂಡಿಸುವುದು, ಒಳಗಿನ ಸವೆದ ಭಾಗ ಬದಲಿಸುವುದು ಅವನ ಕಸುಬು. ಅವಳ ತವರಿನ ಪಿಯಾನೊ ರಿಪೇರಿಗೆ ಬಂದವನು, ಎರಡು ಗಂಟೆಯ ಕೆಲಸಕ್ಕೆ ಐದು ದಿನ ತೆಗೆದುಕೊಂಡು, ಆರನೆಯ ದಿನ ಅವಳ ಅಪ್ಪನ ಹತ್ತಿರ ಹೆಣ್ಣು ಕೇಳಿದ್ದ. ಕಸುಬಿನಲ್ಲಿ ಅವನದು ಕಟ್ಟುನಿಟ್ಟು. ನಮ್ಮ ಹುಡುಗಿ ಬೆರಳು ನೋವು ಅಂತಾಳೆ, ಕೀಗಳನ್ನ ಒಂಚೂರು ಹಗುರ ಮಾಡಿಕೊಡಿ ಎಂದು ಯಾರಾದರೂ ಕೇಳಿದರೆ ಸಾಮಾನು ಕಟ್ಟಿಕೊಂಡು ಎದ್ದುಬಿಡುತ್ತಿದ್ದ. "ಬೆರಳು ಬಲೀಬೇಕು, ಪಿಯಾನೊ ಬಗ್ಗಬಾರದು. ಸುಳ್ಳು ಹೇಳೋ ಪಿಯಾನೊ ನನ್ನ ಕೈಯಿಂದ ಆಗಲ್ಲ" ಎನ್ನುವುದು ಅವನ ಮಾತು. ಅವಳಿಗೆ ಆ ಮಾತಿನ ಬಗ್ಗೆ ಗಂಡನಿಗಿಂತ ಹೆಚ್ಚು ಹೆಮ್ಮೆ.

ಮೂರು ವರ್ಷದ ಹಿಂದೆ ಅತ್ತೆ ಅಡುಗೆಮನೆಯಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡ ದಿನ ಅವಳ ಕೈಯಲ್ಲಿ ಹದಿನಾಲ್ಕು ಕಛೇರಿಗಳಿದ್ದವು. ಒಂದೊಂದಾಗಿ ಎಲ್ಲವನ್ನೂ ಬಿಟ್ಟಳು. ಬಿಡು ಎಂದು ಯಾರೂ ಹೇಳಲಿಲ್ಲ, ಬಿಡಬೇಡ ಎಂದೂ ಯಾರೂ ಹೇಳಲಿಲ್ಲ. ಗೊತ್ತುಮಾಡಿದ ಇಬ್ಬರು ದಾದಿಯರನ್ನು ಅತ್ತೆ ಒಂದೇ ತಿಂಗಳಲ್ಲಿ ಅಳಿಸಿ ಕಳಿಸಿದರು. ಮಗ ಮುಟ್ಟುವುದಂತೂ ದೂರದ ಮಾತು. ಗಂಡುಮಗ ತಾಯಿಗೆ ಸ್ನಾನ ಮಾಡಿಸೋದುಂಟಾ ಎಂದು ಅತ್ತೆ ಗೋಡೆಯ ಕಡೆ ಮುಖ ತಿರುಗಿಸಿದ್ದರು. ಮಗನೂ ಆ ಮಾತನ್ನು ಎರಡನೆಯ ಸಲ ಕೇಳಲು ಹೋಗಲಿಲ್ಲ. ಉಳಿದವಳು ಅವಳು. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎನ್ನುತ್ತಾರೆ. ಅವಳ ಪಾಲಿಗೆ ಎರಡು ಕಾಲವೂ ಅತ್ತೆಯದೇ ಆಯಿತು.

ಆದರೆ ಸಂಜೆಯ ಎರಡು ಗಂಟೆ ಅವಳು ಬಿಡಲಿಲ್ಲ. ಬೆನ್ನು ಮುರಿಯುವಷ್ಟು ದಣಿದಿದ್ದರೂ ಪಿಯಾನೊ ಮುಂದೆ ಕೂರುತ್ತಿದ್ದಳು. ಮೊದಮೊದಲು ಕೈ ನೋಯುತ್ತಿತ್ತು. ಬರುಬರುತ್ತ, ಆಶ್ಚರ್ಯವೆನ್ನುವಂತೆ, ಪಿಯಾನೊ ಮುಂದೆ ಕೂತಾಗ ಮಾತ್ರ ನೋವು ಕಡಿಮೆಯಾಯಿತು. ಪಾತ್ರೆ ಎತ್ತಿದರೆ ನೋವು, ಬಾಗಿಲ ಚಿಲಕ ತಿರುಗಿಸಿದರೆ ನೋವು. ಪಿಯಾನೊ ನುಡಿಸಿದರೆ ಇಲ್ಲ. ಸಂಗೀತವೇ ನನ್ನ ಕೈಯನ್ನು ಕಾಪಾಡುತ್ತಿದೆ ಎಂದು ಅವಳು ನಂಬಿದಳು. ಐವತ್ತೈದರ ಹೆಂಗಸಿಗೆ ಅಂಥದೊಂದು ನಂಬಿಕೆ ಎಷ್ಟು ದೊಡ್ಡ ಆಸರೆ!

ಆ ನಂಬಿಕೆಯ ಮೇಲೆಯೇ ಅವಳು ಊರಿನ ಸಂಗೀತ ಸಭಾಂಗಣದವರ ಕರೆಗೆ ಒಪ್ಪಿದ್ದು. ವಾದ್ಯವೃಂದದ ಜೊತೆ ಮೂರು ಭಾಗಗಳ ದೊಡ್ಡ ಕೃತಿ, ಮುಕ್ಕಾಲು ಗಂಟೆಯದು. ಅದು ಚೆನ್ನಾಗಿ ನಡೆದರೆ ಅದೇ ಕೃತಿಯನ್ನು ಇನ್ನೂ ಹನ್ನೊಂದು ಊರುಗಳಲ್ಲಿ ನುಡಿಸುವುದು. ಈ ವಯಸ್ಸಿನಲ್ಲಿ, ಮೂರು ವರ್ಷ ಕಾಣೆಯಾದವಳನ್ನು ಇನ್ನೊಂದು ಸಲ ಯಾರೂ ಕರೆಯುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಹನ್ನೊಂದು ಊರು ಸುತ್ತುವಾಗ ಅತ್ತೆಯನ್ನು ಎತ್ತುವವರು ಯಾರು ಎಂದು ಕೇಳಿದಾಗ ಗಂಡ "ನೋಡೋಣ" ಎಂದಿದ್ದ.

ಸಭಾಂಗಣದ ಹಿಂಬಾಗಿಲಿನ ಮೊದಲ ಮೆಟ್ಟಿಲ ಅಂಚು ಮುರಿದಿದ್ದುದು ಹಾಗೇ ಇತ್ತು. ಅವಳ ಕಾಲು ತಾನಾಗಿ ಅದನ್ನು ದಾಟಿತು. ಹಳೆಯ ಕಾವಲುಗಾರ ಎದ್ದು ನಿಂತು ಅವಳ ಕೋಟು ತೆಗೆದುಕೊಂಡ. ಮೊದಲ ಸಾಲಿನ ಪಿಟೀಲು ಬಾರಿಸುವ ಹೆಂಗಸು ದೂರದಿಂದಲೇ ಕೈಬೀಸಿದಳು. ಎಷ್ಟು ದಿನವಾಗಿತ್ತು, ತನ್ನನ್ನು ಕಂಡು ಯಾರಾದರೂ ಮುಖ ಅರಳಿಸಿ! ಅವಳ ಕಣ್ಣು ತುಂಬಿಬಂತು.

ಪಿಟೀಲಿನವರು ತಮ್ಮ ಪಿಟೀಲನ್ನು ಮಗುವಿನಂತೆ ಎತ್ತಿಕೊಂಡು ಬರುತ್ತಾರೆ. ಕೊಳಲಿನವರದು ಜೇಬಲ್ಲೇ ಇರುತ್ತದೆ. ಪಿಯಾನೊದವಳಿಗೆ ಆ ಭಾಗ್ಯವಿಲ್ಲ. ಹೋದ ಊರಲ್ಲಿ ಇದ್ದ ಪಿಯಾನೊ, ಮದುವೆಯಾಗಿ ಹೋದ ಮನೆಯ ಹಾಗೆ. ಅದರ ಗುಣ ನೋಡಿ ನಾವೇ ಹೊಂದಿಕೊಳ್ಳಬೇಕು. ಅವಳು ನೂರಾರು ಪಿಯಾನೊಗಳಿಗೆ ಹೊಂದಿಕೊಂಡವಳು. ಈ ಸಭಾಂಗಣದ್ದಂತೂ ಅವಳಿಗೆ ಹಳೆಯ ಗೆಳತಿ.

ಆ ದಿನ ಗೆಳತಿ ಗುರುತೇ ಹಿಡಿಯಲಿಲ್ಲ.

ಮೊದಲ ಸಾಲಿಗೇ ಏನೋ ತಪ್ಪಿದೆ ಅನ್ನಿಸಿತು. ಬೆರಳು ಒತ್ತಿದರೆ ಕೀ ಕೆಳಗಿಳಿಯುವುದಕ್ಕೆ ಒಂದು ಗಳಿಗೆ ಯೋಚಿಸುತ್ತಿತ್ತು. ಮೃದುವಾಗಿ ನುಡಿಸಬೇಕಾದ ಕಡೆ ಸ್ವರಗಳು ಹುಟ್ಟದೇ ಉಳಿದವು. ಜೋರಾಗಿ ನುಡಿಸಬೇಕಾದ ಕಡೆ ಭುಜದಿಂದ ಬಲ ತಂದು ನೂಕಬೇಕಾಯಿತು. ಎಂಟು ನಿಮಿಷ ಹಲ್ಲು ಕಚ್ಚಿ ನುಡಿಸಿದಳು. ಹೆಬ್ಬೆರಳು ಕಿರುಬೆರಳು ಎರಡನ್ನೂ ಅಗಲಿಸಿ ಬಡಿಯಬೇಕಾದ ಜಾಗ ಬಂದಾಗ ಬಲಗೈ ಮುಷ್ಟಿಯಂತೆ ಮಡಚಿಕೊಂಡುಬಿಟ್ಟಿತು, ಬಿಡಿಸಲು ಬರಲಿಲ್ಲ. ವಾದ್ಯವೃಂದ ಅವಳಿಲ್ಲದೆ ನಾಲ್ಕು ಹೆಜ್ಜೆ ಮುಂದೆ ಹೋಗಿ, ತಬ್ಬಿಬ್ಬಾಗಿ, ಒಬ್ಬೊಬ್ಬರಾಗಿ ನಿಂತಿತು.

ವಾದ್ಯವೃಂದದ ನಿರ್ದೇಶಕರು ಏನೂ ಆಗಿಲ್ಲವೆಂಬಂತೆ ಗಡಿಯಾರ ನೋಡಿ, ಎಲ್ಲರೂ ಚಹಾ ಕುಡಿದು ಬನ್ನಿ ಎಂದರು. ಚಹಾದ ಹೊತ್ತಿಗೆ ಇನ್ನೂ ಅರ್ಧ ಗಂಟೆ ಇತ್ತು. ಪಿಟೀಲಿನ ಹೆಂಗಸು ಹೋಗುತ್ತ ಹೋಗುತ್ತ ತನ್ನ ಬಿಸಿನೀರಿನ ಫ್ಲಾಸ್ಕನ್ನು ಅವಳ ಪಕ್ಕದಲ್ಲಿಟ್ಟು, ಮುಖ ನೋಡದೆ ಮುಂದೆ ನಡೆದಳು. ಮುಖ ನೋಡದೆ ಹೋದದ್ದೇ ಅವಳು ಮಾಡಿದ ದೊಡ್ಡ ಉಪಕಾರ.

ಸಭಾಂಗಣದ ಪಿಯಾನೊ ನೋಡಿಕೊಳ್ಳುವ ಶ್ರುತಿಗಾರ ವೇದಿಕೆಗೆ ಬಂದ. ತಲೆ ನರೆತ ಮನುಷ್ಯ, ಒಂದು ಕಾಲಕ್ಕೆ ಅವಳ ಗಂಡನ ಹತ್ತಿರವೇ ಕೆಲಸ ಕಲಿತವನು. ಈ ಪಿಯಾನೊಗೆ ಏನು ಮಾಡಿದ್ದೀರಿ, ಕಲ್ಲಿನ ಹಾಗಾಗಿದೆ ಎಂದು ಅವಳು ಕೇಳಿದಳು. ಅವನು ಜೇಬಿನಿಂದ ತೊಗಲಿನ ಚೀಲ ತೆಗೆದು ಅದರಲ್ಲಿದ್ದ ಹಿತ್ತಾಳೆಯ ಪುಟ್ಟ ತೂಕದ ಬಿಲ್ಲೆಗಳನ್ನು ಕೀಯ ತುದಿಯ ಮೇಲೆ ಒಂದರ ಮೇಲೊಂದು ಇಟ್ಟ. ನಲವತ್ತಕ್ಕೆ ಕೀ ಅಲುಗಲಿಲ್ಲ. ನಲವತ್ತೈದಕ್ಕೂ ಇಲ್ಲ. ಐವತ್ತಾದಾಗ ಮೆಲ್ಲಗೆ, ನಿದ್ದೆಗೆ ಜಾರುವ ಮಗುವಿನ ಹಾಗೆ ಕೆಳಗಿಳಿಯಿತು.

"ಐವತ್ತು ಗ್ರಾಂ, ಮೇಡಂ. ಕೀ ಇಳಿಯೋಕೆ ಇಷ್ಟು ಭಾರ ಬೇಕು ಅನ್ನೋದು ಮೇಸ್ತ್ರಿಗಳು ಕಲಿಸಿಕೊಟ್ಟ ಲೆಕ್ಕಾನೇ. ಇದನ್ನ ನಾನು ಇವತ್ತಿನವರೆಗೂ ದಾಟಿಲ್ಲ" ಎಂದ.

ಅವಳು ಬೇರೆ ಬೇರೆ ಕೀಗಳನ್ನು ತೋರಿಸಿದಳು. ಎಲ್ಲ ಕಡೆಯೂ ಐವತ್ತು, ಒಂದೆರಡು ಹೆಚ್ಚು ಕಡಿಮೆ.  ಅವನು ಬಿಲ್ಲೆಗಳನ್ನು ಚೀಲಕ್ಕೆ ತುಂಬಿ, ಅದನ್ನು ತನ್ನ ಜೇಬಿಗೆ ಹಾಕಿಕೊಳ್ಳುವ ಬದಲು ಅವಳ ಕೈಚೀಲದಲ್ಲಿಟ್ಟ. ಯಾವಾಗಲಾದರೂ ತಂದುಕೊಡಿ, ಅವಸರವೇನಿಲ್ಲ ಎಂದನಷ್ಟೇ. ಅವನು ಊಹಿಸಿದ್ದನೇ? ಇರಬಹುದು. ಗುರುವಿನತ್ತ ಬೊಟ್ಟು ಮಾಡದೆ ಸತ್ಯವನ್ನು ಅವಳ ಕೈಗೆ ಕೊಡಲು ಅವನಿಗೆ ಬೇರೆ ದಾರಿ ತೋರಲಿಲ್ಲ.

ಮನೆಗೆ ಬಂದಾಗ ಮಧ್ಯಾಹ್ನ. ಗಂಡ ಕೆಲಸಕ್ಕೆ ಹೋಗಿದ್ದ. ಅತ್ತೆ ಒಂದು ಲೋಟ ಹಾಲು ಕುಡಿದರು, ಮೂರು ಸಲ ಬೈದರು ಎಂದು ದರ್ಜಿಯಮ್ಮ ವರದಿ ಒಪ್ಪಿಸಿ ಕೆಳಗಿಳಿದಳು. ಇವಳು ಕೋಟು ಕೂಡ ತೆಗೆಯದೆ ಪಿಯಾನೊ ಮುಚ್ಚಳ ಎತ್ತಿ ಕೀಯ ಮೇಲೆ ಐವತ್ತು ಗ್ರಾಂ ಇಟ್ಟಳು. ಕೀ ಬಾವಿಗೆ ಬಿದ್ದ ಕಲ್ಲಿನ ಹಾಗೆ ದಡಕ್ಕನೆ ಮುಳುಗಿತು. ನಲವತ್ತೈದು ಇಟ್ಟಳು, ಮುಳುಗಿತು. ನಲವತ್ತು, ಮುಳುಗಿತು. ಬಿಲ್ಲೆಗಳನ್ನು ಒಂದೊಂದಾಗಿ ತೆಗೆಯುತ್ತ ಹೋದಳು. ಮೂವತ್ತನಾಲ್ಕಕ್ಕೆ ಕೀ ಕೊನೆಗೂ ಮೆಲ್ಲಗೆ, ಹದವಾಗಿ ಕೆಳಗಿಳಿಯಿತು.

ಹದಿನಾರು ಗ್ರಾಂ... ಎರಡು ಹಾಳೆ ಪತ್ರವಿಟ್ಟ ಲಕೋಟೆಯಷ್ಟು ತೂಕ. ತನ್ನ ಮೂರು ವರ್ಷದ ಸಂಜೆಗಳು, ನೋವಿಲ್ಲದ ಆ ಎರಡು ಗಂಟೆಗಳು, ಸಂಗೀತ ನನ್ನ ಕೈ ಬಿಡಲಿಲ್ಲ ಎಂಬ ನಂಬಿಕೆ ಎಲ್ಲವೂ ಆ ಹದಿನಾರು ಗ್ರಾಂ ಒಳಗೆ ಅಡಗಿದ್ದವು.

"ಏನೇ ಅದು, ಬಂದವಳು ಬಾರಿಸದೆ ಟಿಕಿಟಿಕಿ ಅಂತಿದ್ದೀಯ?" ಎಂದು ಪಕ್ಕದ ಕೋಣೆಯಿಂದ ಅತ್ತೆಯ ದನಿ ಬಂತು.

ಅವಳು ಹೋಗಿ ಬಾಗಿಲಲ್ಲಿ ನಿಂತಳು.  "ಅತ್ತೆ, ನನ್ನ ಪಿಯಾನೊ ಸದ್ದು ಬದಲಾಗಿದೆ ಅಂತ ನಿಮಗೆ ಯಾವಾಗ ಗೊತ್ತಾಯ್ತು?"

ಅತ್ತೆ ಅವಳ ಮುಖವನ್ನೇ ನೋಡಿದರು. "ಎರಡು ವರ್ಷದ ಹಿಂದೆಯೇ. ಮೂವತ್ತು ವರ್ಷ ಈ ಗೋಡೆ ಆಚೆಯಿಂದ ಕೇಳಿದ್ದೀನಿ. ಹೊಟ್ಟೆಯಿಂದ ಬರ್ತಿದ್ದ ದನಿ ಮೂಗಿನಿಂದ ಬಂದರೆ ಗೊತ್ತಾಗಲ್ವಾ?"

"ನನಗ್ಯಾಕೆ ಹೇಳಲಿಲ್ಲ ಅತ್ತೆ?"

"ಹೇಳಲಿಲ್ವಾ? ದಿನಾ ಹೇಳಿದ್ದೀನಿ. ಇವತ್ತು ಬೆಳಿಗ್ಗೆನೂ ಹೇಳ್ದೆ. ನೀನು ಅದನ್ನ ಕೊಂಕು ಅಂದ್ಕೊಂಡೆ." ಅತ್ತೆ ಹೊದಿಕೆಯ ಅಂಚನ್ನು ಬೆರಳಲ್ಲಿ ಸುತ್ತಿಕೊಂಡರು. ಆಮೇಲೆ, ಕೆಳದನಿಯಲ್ಲಿ, "ತಪ್ಪು ನಿನ್ನದಲ್ಲ ಬಿಡು. ನನ್ನ ಬಾಯಿಂದ ಬೇರೆ ಏನು ತಾನೆ ಕೇಳಿದ್ದೀಯ ನೀನು" ಎಂದರು.

ಅವಳು ಮಂಚದ ಅಂಚಿನಲ್ಲಿ ಕುಸಿದು ಕೂತಳು.  ಅತ್ತೆ ಕೈ ಚಾಚಿ ಸೊಸೆಯ ಕೋಟಿನ ಗುಂಡಿ ಬಿಚ್ಚಿದರು, ಸೆಕೆಯಾಗುತ್ತೆ ಎಂದು.

ಗಂಡ ಬಂದದ್ದು ನಾಲ್ಕು ಗಂಟೆಗೆ. ಪಿಯಾನೊ ಮೇಲೆ ಸಾಲಾಗಿ ನಿಲ್ಲಿಸಿದ್ದ ಹಿತ್ತಾಳೆಯ ಬಿಲ್ಲೆಗಳನ್ನು ಕಂಡವನೇ ಹೆಗಲ ಚೀಲ ಇಳಿಸದೆ ಕುರ್ಚಿಯಲ್ಲಿ ಕೂತುಬಿಟ್ಟ. ಕೇಳುವ ಮೊದಲೇ ಎಲ್ಲ ಹೇಳಿದ. ಎರಡೂವರೆ ವರ್ಷದ ಹಿಂದೆ ಒಂದು ಬೆಳಿಗ್ಗೆ, ಅವನ ತಾಯಿಯನ್ನು ಎತ್ತಿ ಮಲಗಿಸಿ ಬಂದವಳು ಅಡುಗೆಮನೆಯಲ್ಲಿ ಬಿಸಿನೀರಿಗೆ ಕೈ ಹಿಡಿದು, ಸದ್ದು ಹೊರಗೆ ಬರಬಾರದೆಂದು ಸೆರಗನ್ನು ಬಾಯಿಗೆ ತುರುಕಿಕೊಂಡು ಅಳುತ್ತಿದ್ದುದನ್ನು ಅವನು ನೋಡಿದ್ದನಂತೆ. ಅವತ್ತೇ ಮೊದಲ ಸಲ ಪಿಯಾನೊ ಒಳಗೆ ತಂತಿಗೆ ಬಡಿಯುವ ಸುತ್ತಿಗೆಗಳ ಉಣ್ಣೆಯನ್ನು ಒಂದು ಕೂದಲೆಳೆಯಷ್ಟು ಸವರಿ ಹಗುರ ಮಾಡಿದನಂತೆ. ಆಮೇಲೆ ಕೀಗಳ ಮುಂಬದಿಗೆ ಸೀಸದ ಚೂರು ಕೂರಿಸಿದ, ಆ ಭಾರಕ್ಕೆ ಕೀ ಅರ್ಧ ತಾನಾಗಿಯೇ ಬಗ್ಗಲೆಂದು. ತಿಂಗಳಿಗೆ ಅರ್ಧ ಗ್ರಾಂ, ಒಮ್ಮೊಮ್ಮೆ ಮುಕ್ಕಾಲು. ಅವಳಿಗೆ ಗೊತ್ತಾಗದಷ್ಟು, ಅವಳು ಸಂಜೆ ನಗುನಗುತ್ತ ಏಳುವಷ್ಟು.

"ಸಭಾಂಗಣದವರು ಕರೆದಾಗ ಹೇಳೋಣ ಅಂದ್ಕೊಂಡೆ. ನಿನ್ನ ಮುಖ ನೋಡಿದೆ. ಹತ್ತು ವರ್ಷ ಚಿಕ್ಕವಳಾಗಿದ್ದೆ. ಬಾಯಿ ಬರಲಿಲ್ಲ" ಎಂದ.

"ಯಾವ ಹೊತ್ತಲ್ಲಿ ಮಾಡ್ತಿದ್ರಿ ಇದನ್ನ?"

ಅವನು ನೆಲ ನೋಡಿದ. "ಬೆಳಿಗ್ಗೆ. ನೀನು ಅಮ್ಮನಿಗೆ ಸ್ನಾನ ಮಾಡಿಸೋ ಹೊತ್ತಲ್ಲಿ."

ಟಣ್... ಟಣ್... ಟಣ್... ಆ ಸದ್ದು ಅವಳ ಕಿವಿಯಲ್ಲಿ ಮತ್ತೆ ಮೊಳಗಿತು. ಅದಕ್ಕೆ ಕಿವಿಗೊಟ್ಟು ಅವಳು ಎಷ್ಟು ನೂರು ಸಲ ಸಮಾಧಾನ ಪಟ್ಟಿದ್ದಳು! ಕೋಪ ಬರುತ್ತದೆ ಎಂದು ಕಾದಳು. ಬಂದದ್ದು ಮೂರು ವರ್ಷದ ಸುಸ್ತು. 

"ದಿನಾ ನಲವತ್ತು ನಿಮಿಷ. ಆ ನಲವತ್ತು ನಿಮಿಷ ನೀವು ಸ್ನಾನದ ಮನೆಗೆ ಬರಬಹುದಿತ್ತಲ್ರೀ" ಎಂದಳು.

"ಅಮ್ಮ ಬೇಡ ಅಂದಿದ್ರು..."

"ಒಂದು ಸಲ ಅಂದಿದ್ರು. ನೀವು ಇನ್ನೊಂದು ಸಲ ಕೇಳಲಿಲ್ಲ. ನನ್ನ ಕೈ ಹಗುರ ಮಾಡಬೇಕಿತ್ತು, ಪಿಯಾನೊ ಹಗುರ ಮಾಡಿದ್ರಿ."

ಅವನು ಮುಖ ಮುಚ್ಚಿಕೊಂಡ. ಅವನ ಹೆಗಲು ಅಲುಗಿದ್ದನ್ನು ಅವಳು ನೋಡಿದಳು, ಎದ್ದು ಹೋಗಿ ಹಿಡಿಯಲು ಮಾತ್ರ ಅವಳಲ್ಲಿ ತ್ರಾಣವಿರಲಿಲ್ಲ.

ಆಮೇಲೆ ಅವನು ಕಣ್ಣೊರೆಸಿಕೊಂಡು, ಕಛೇರಿಗೆ ಇನ್ನೂ ಹತ್ತು ದಿನ ಇದೆ ಎಂದ. ಸಭಾಂಗಣದ ಶ್ರುತಿಗಾರ ತನ್ನ ಮಾತು ಮೀರುವುದಿಲ್ಲ. ಆ ಪಿಯಾನೊಗೂ ಹಗುರದ ಸುತ್ತಿಗೆ ಹಾಕಿದರೆ, ಕಛೇರಿ ಮುಗಿದ ಮೇಲೆ ಮತ್ತೆ ಮೊದಲಿನಂತೆ ಮಾಡಿಬಿಟ್ಟರೆ, ಯಾರಿಗೂ ಗೊತ್ತಾಗುವುದಿಲ್ಲ. ಎಂದೂ ಯಾರಿಗೂ ಮಾಡಿಕೊಡದ ಕೆಲಸವನ್ನು ಅವನು ಹೆಂಡತಿಗಾಗಿ ಊರೆದುರು ಮಾಡಲು ಸಿದ್ಧನಾಗಿ ನಿಂತಿದ್ದ. ಸುಳ್ಳು ಯಾಕೆ ಹೇಳಬೇಕು, ಒಂದು ಗಳಿಗೆ ಅವಳ ಮನಸ್ಸು ಹೂಂ ಎಂದಿತು. ದೀಪಗಳು, ತುಂಬಿದ ಸಭೆ, ಮುಕ್ಕಾಲು ಗಂಟೆ ನೋವಿಲ್ಲದ ಕೈ... ಒಂದೇ ಒಂದು ಸಲ. ಯಾರಿಗೇನು ನಷ್ಟ?

ಆಮೇಲೆ ಉಳಿದ ಹನ್ನೊಂದು ಊರುಗಳು ಕಣ್ಮುಂದೆ ಬಂದವು. ಹನ್ನೊಂದು ಪಿಯಾನೊಗಳು. ಪ್ರತಿಯೊಂದರ ಹೊಟ್ಟೆಯೊಳಗೂ ಕಳ್ಳನ ಹಾಗೆ ಕೈ ಹಾಕುವ ಈ ಬೆಣ್ಣೆಯಂಥ ಮನುಷ್ಯ.

"ಬೇಡ. ಸುಳ್ಳು ಹೇಳೋ ಪಿಯಾನೊ ನನ್ನ ಕೈಯಿಂದಲೂ ಆಗಲ್ಲ" ಎಂದಳು.

"ಇಬ್ಬರೂ ಈ ಕಡೆ ಬನ್ನಿ" ಎಂದು ಆಗ ಒಳಗಿನಿಂದ ಅತ್ತೆ ಕರೆದರು. ಗೋಡೆಗೆ ಕಿವಿಯಿದೆ ಎನ್ನುತ್ತಾರಲ್ಲ, ಆ ಮನೆಯ ಗೋಡೆಗಂತೂ ಇತ್ತು. ಇಬ್ಬರೂ ಮಂಚದ ಬಳಿ ಹೋಗಿ ನಿಂತರು. ಅತ್ತೆ ಮಗನನ್ನು ಮಾತ್ರ ನೋಡಿದರು.

"ನಾಳೆಯಿಂದ ನೀನು ಎತ್ತು ನನ್ನ. ಸ್ನಾನನೂ ನೀನೇ."

"ಅಮ್ಮ, ನಿಮಗೆ ನಾಚಿಕೆ..."

"ನಾಚಿಕೆ ಪಡೋ ವಯಸ್ಸು ನನಗೆ ಮುಗೀತು. ನಿನಗೆ ಶುರುವಾಗಲಿ ಕಣೋ."

ಮರುದಿನ ಬೆಳಿಗ್ಗೆ ಅವಳು ಬಿಲ್ಲೆಗಳ ಚೀಲ ಹಿಂದಿರುಗಿಸಲು ಸಭಾಂಗಣಕ್ಕೆ ಹೋದಳು. ನಿರ್ದೇಶಕರು ಬಾಗಿಲು ಹಾಕಿ, ಕುರ್ಚಿ ಎಳೆದುಕೊಟ್ಟು, ಎಲ್ಲ ಕೇಳಿದರು. ಆರೋಗ್ಯ ಸರಿಯಿಲ್ಲ, ಮುಂದಿನ ವರ್ಷ ನುಡಿಸುತ್ತಾರೆ ಎಂದು ಪ್ರಕಟಿಸೋಣ ಎಂದರು. ಮುಂದಿನ ವರ್ಷ ಎನ್ನುವುದು ಮರ್ಯಾದೆಯ ಮಾತು ಎಂದು ಇಬ್ಬರಿಗೂ ಗೊತ್ತಿತ್ತು. ಕೈಗೆ ಆಗುವುದಿಲ್ಲ, ಅದಕ್ಕೇ ನುಡಿಸುವುದಿಲ್ಲ ಎಂದೇ ಬರೆಯಿರಿ ಎಂದು ಅವಳು ಕೇಳಿಕೊಂಡಳು. ತನ್ನ ಜಾಗಕ್ಕೆ ಯಾರನ್ನು ಕರೆಯಬಹುದೆಂದು ಎರಡು ಹೆಸರು ಹೇಳಿದಳು. ಎರಡನೆಯದನ್ನು ಹೇಳುವಾಗ ಮುಖ ಬೇರೆ ಕಡೆ ತಿರುಗಿಸಿದಳು; ಅವರು ಕಾಗದ ಹುಡುಕುವವರಂತೆ ತಲೆ ತಗ್ಗಿಸಿ ಕಾದರು. ಹೊರಡುವಾಗ ಶ್ರುತಿಗಾರ ಬೀದಿಯ ತಿರುವಿನವರೆಗೂ ಜೊತೆಗೆ ನಡೆದು ಬಂದ. ದಾರಿಯುದ್ದಕ್ಕೂ ಅವನು ಮಾತಾಡಿದ್ದು ತನ್ನ ಮಂಡಿನೋವಿನ ಬಗ್ಗೆ ಮಾತ್ರ.

ಗಂಡನ ಜೊತೆ ಅವಳು ನಾಲ್ಕು ದಿನ ಬೇಕಾದಷ್ಟೇ ಮಾತಾಡಿದಳು. ಚಹಾ ಆರುತ್ತಿದೆ, ಬಾಗಿಲು ಹಾಕಿ, ಇಷ್ಟೇ. ಬೆಳಿಗ್ಗೆ ಸ್ನಾನದ ಮನೆಯಿಂದ ಅತ್ತೆಯ ಕೂಗಾಟ ಕೇಳುತ್ತಿತ್ತು: ನೀರು ಸುಡ್ತಿದೆ, ಸೋಪು ಕಣ್ಣಿಗೆ ಹೋಯ್ತು, ನಾನೇನು ಪಿಯಾನೊನಾ ಹೀಗೆ ಕುಟ್ಟೋಕೆ. ಅವಳು ಅಡುಗೆಮನೆಯಲ್ಲಿ ಎರಡೂ ಕೈಯನ್ನು ಮಡಿಲಲ್ಲಿಟ್ಟುಕೊಂಡು ಕೂತಿರುತ್ತಿದ್ದಳು. ಆ ಹೊತ್ತಿನಲ್ಲಿ ಕೈಗಳಿಗೆ ಏನು ಕೆಲಸ ಕೊಡಬೇಕೆಂದೇ ಅವಳಿಗೆ ತಿಳಿಯುತ್ತಿರಲಿಲ್ಲ. ಐದನೆಯ ದಿನ ಅವನು ತೋಳು ಒದ್ದೆ ಮಾಡಿಕೊಂಡು ಹೊರಬಂದು, ಗೋಡೆಗೆ ಒರಗಿ, ಬೆನ್ನು ನೀವಿಕೊಂಡ. ದಿನಾ ಮೂರು ಸಲ ಎತ್ತುವುದೆಂದರೆ ಏನೆಂದು ಅವನ ಮೈಗೆ ಗೊತ್ತಾಗಿತ್ತು. ಅವಳು ಎದ್ದು ಹೋಗಿ, "ಮೂರಕ್ಕೆ ಎತ್ತಬೇಡಿ. ಅತ್ತೆ ಮೂರಕ್ಕೆ ಉಸಿರು ತಗೋತಾರೆ. ನಾಲ್ಕಕ್ಕೆ ಎತ್ತಿ" ಎಂದಳು. ಅವನು ತಲೆಯಾಡಿಸಿದ. ಕ್ಷಮಿಸು ಎಂದು ಅವನು ಕೇಳಲಿಲ್ಲ, ಕ್ಷಮಿಸಿದೆ ಎಂದು ಅವಳೂ ಹೇಳಲಿಲ್ಲ. ಆದರೆ ಅಂದು ಮಧ್ಯಾಹ್ನ ಅವನು ಪಿಯಾನೊದ ಕೀಗಳನ್ನೆಲ್ಲ ಹೊರಗೆಳೆದು ಮೇಜಿನ ಮೇಲೆ ಹರಡಿ, ಸೀಸದ ಚೂರುಗಳನ್ನು ಒಂದೊಂದಾಗಿ ಕೀಳತೊಡಗಿದಾಗ ಅವಳು ಪಕ್ಕದಲ್ಲಿ ಕೂತು ಚೂರುಗಳನ್ನು ಬಟ್ಟಲಿಗೆ ಹಾಕಿದಳು. ಹದಿನೈದು ದಿನ ಹಿಡಿಯಿತು. ಹೊಸ ಸುತ್ತಿಗೆಗಳು ಬಂದವು. ಎಲ್ಲ ಮುಗಿದ ಮೇಲೆ ಅವನು ತನ್ನ ಬಿಲ್ಲೆಗಳನ್ನು ತಂದು ಅವಳ ಮುಂದಿಟ್ಟು, ನೀನೇ ನೋಡಿಬಿಡು ಎಂದ. ಐವತ್ತು.

ಆ ಹೊತ್ತಿಗೆ ಸಭಾಂಗಣದ ಕಛೇರಿ ಬೇರೊಬ್ಬರ ಕೈಯಲ್ಲಿ ಚೆನ್ನಾಗಿಯೇ ನಡೆದುಹೋಗಿತ್ತು. ಪತ್ರಿಕೆಯಲ್ಲಿ ಹೊಗಳಿಕೆ ಬಂದಿತ್ತು. ಅವಳು ಅದನ್ನು ಪೂರ್ತಿ ಓದಿ, ಮಡಚಿ, ಹಿಟ್ಟಿನ ಡಬ್ಬಿಯ ಕೆಳಗೆ ಹಾಸಿದಳು.

ಮೊದಲ ಸಂಜೆ ನಾಲ್ಕು ನಿಮಿಷ ನುಡಿಸಲಾಯಿತು. ದೊಡ್ಡ ಕೃತಿಯಲ್ಲ, ಅದರ ಮಧ್ಯದ ನಿಧಾನದ ಭಾಗ, ಅದೂ ಮೊದಲ ಪುಟ ಮಾತ್ರ. ಹೆಬ್ಬೆರಳು ಉರಿದು, ನಿಲ್ಲಿಸಿ, ಬಿಸಿನೀರಿಗೆ ಕೈ ಹಿಡಿದಳು. ಎರಡನೆಯ ವಾರ ಏಳು ನಿಮಿಷ. ಒಮ್ಮೊಮ್ಮೆ ಮತ್ತೆ ಮೂರಕ್ಕೆ ಇಳಿಯುತ್ತಿತ್ತು. ಇನ್ನು ವೇದಿಕೆ ಇಲ್ಲ ಎನ್ನುವುದು ಅವಳಿಗೆ ಗೊತ್ತಿತ್ತು, ಆ ಲೆಕ್ಕ ಎಂದೋ ಮುಗಿದಿತ್ತು. ಆದರೂ ಬೆರಳ ಕೆಳಗೆ ಆ ಭಾರ ಸಿಕ್ಕಾಗ, ಅದನ್ನು ದಾಟಿ ಸ್ವರ ಎದ್ದಾಗ, ನೋವಿನ ನಡುವೆಯೇ ಅವಳಿಗೆ ಅನ್ನಿಸುತ್ತಿತ್ತು: ಇದು ನನ್ನದು. ಚಿಕ್ಕದು, ಆದರೆ ನನ್ನದು.

ಒಂದು ಸಂಜೆ ನುಡಿಸಿ ಮುಗಿಸಿ ಕೈ ಇಳಿಬಿಟ್ಟಾಗ ಕಿಟಕಿಯ ಸಂದಿಯಿಂದ ಗಾಳಿ ಬೀಸುತ್ತಿತ್ತು. ಗಂಡ ಒಳಗೆ ತಾಯಿಗೆ ದಿಂಬು ಸರಿಮಾಡುತ್ತಿದ್ದ. ಎಷ್ಟು ಹೊತ್ತು ನುಡಿಸಿದಳೆಂದು ಯಾರೂ ಕೇಳಿರಲಿಲ್ಲ. ಗೋಡೆಯಾಚೆಯಿಂದ ಅತ್ತೆಯ ದನಿ ತಾನಾಗಿ ಬಂತು.

"ಹನ್ನೊಂದು ನಿಮಿಷ. ನಿನ್ನೆ ಹತ್ತು. ಗೋಡೆ ಅದುರ್ತಿದೆ. ಆದರೆ ಉಬ್ಬಬೇಡ, ಕೊನೇಲಿ ಎಡಗೈ ಎಳೀತಿತ್ತು."

ಅವಳು ಯೋಚಿಸಿ ನೋಡಿದಳು. ಕೊನೆಯ ಸಾಲನ್ನು ಮನಸ್ಸಿನಲ್ಲೇ ಮತ್ತೊಮ್ಮೆ ಕೇಳಿಸಿಕೊಂಡಳು.

"ಹೌದು ಅತ್ತೆ, ಎಳೀತಿತ್ತು" ಎಂದಳು. ಮೂವತ್ತು ವರ್ಷದಲ್ಲಿ ಅತ್ತೆಯ ಕೊಂಕಿಗೆ ಅವಳು ಕೊಟ್ಟ ಮೊದಲ ಉತ್ತರ ಅದು. ಆಮೇಲೆ ಎಡಗೈಯನ್ನು ಮಾತ್ರ ಕೀಗಳ ಮೇಲಿಟ್ಟು, ಆ ಸಾಲನ್ನು ಇನ್ನೊಂದು ಸಲ ನಿಧಾನವಾಗಿ ನುಡಿಸಿದಳು.